ಪಿನಿಯಲ್ ಗ್ರಂಥಿಗೆ ಆದೇಶ ಕೊಡುವವರು ಯಾರು? ಪೆಪ್ಟೈಡ್‌ಗಳ ಪಾಲು ಎಷ್ಟು?

ಪ್ರಶ್ನೆ: ಹಾಸನದಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ಇಲಿಯ ಪಿನಿಯಲ್ ಗ್ರಂಥಿಯನ್ನು ಕಲ್ಚರಿನಲ್ಲಿಟ್ಟು ವಿಐಪಿ ಎಂಬ ಪೆಪ್ಟೈಡ್ ಹಾಕುತ್ತಿದ್ದೇವೆ. ಮೆಲಟೋನಿನ್ ಒಂದು ಸಲ ಏರುತ್ತದೆ, ಇನ್ನೊಂದು ಸಲ ಅಲ್ಲಾಡುವುದೇ ಇಲ್ಲ. ಪಠ್ಯಪುಸ್ತಕ ನಾರ್‌ಅಡ್ರಿನಲಿನ್ ಒಂದರ ಹೆಸರನ್ನೇ ಹೇಳುತ್ತದೆ, ಸಂಶೋಧನಾ ಲೇಖನಗಳಲ್ಲಿ ಹತ್ತಾರು ಪೆಪ್ಟೈಡ್‌ಗಳಿವೆ. ನಿಜವಾಗಿ ಆದೇಶ ಕೊಡುವವರು ಯಾರು? ಜೊತೆಗೆ ಮನೆಯದೊಂದು ಪ್ರಶ್ನೆ: ಮೂಡಿಗೆರೆಯಲ್ಲಿರುವ ಅಪ್ಪನಿಗೆ ಬಿ.ಪಿ.ಗೆಂದು ಅಟೆನೊಲಾಲ್ ಶುರುವಾದ ಮೇಲೆ ನಿದ್ದೆ ಕೆಟ್ಟಿದೆ. ‘ಪಿನಿಯಲ್ ಎಬ್ಬಿಸುವ ಪೆಪ್ಟೈಡ್ ಕ್ಯಾಪ್ಸೂಲ್’ ಆನ್‌ಲೈನಿನಲ್ಲಿ ಕಂಡಿತು. ಕೊಡಬಹುದೇ?

ಉತ್ತರ: ರಾತ್ರಿ ಪಿನಿಯಲ್ ಗ್ರಂಥಿಯಿಂದ ಮೆಲಟೋನಿನ್ (ಕತ್ತಲಾಯಿತೆಂದು ದೇಹಕ್ಕೆ ತಿಳಿಸುವ ಹಾರ್ಮೋನು) ಹರಿಯಲು ಗೇಟು ಎತ್ತುವುದು ನರತುದಿಗಳು ಬಿಡುವ ನಾರ್‌ಅಡ್ರಿನಲಿನ್. ಪೆಪ್ಟೈಡ್‌ಗಳು (ಅಮೈನೋ ಆಮ್ಲಗಳ ಗಿಡ್ಡ ಸರಪಳಿಗಳು) ನೀರುಗಂಟಿಗಳು. ಗೊರೂರಿನಿಂದ ಹೇಮಾವತಿ ನಾಲೆಗೆ ನೀರು ಬಿಟ್ಟ ಮೇಲೆ ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಮಡೆ ಕಟ್ಟಿ, ಮಡೆ ಒಡೆದು ನೋಡಿಕೊಳ್ಳುವವನು ನೀರುಗಂಟಿ. ಗೇಟೇ ಇಳಿದಿದ್ದರೆ ಅವನ ಗುದ್ದಲಿಗೆ ಕೆಲಸವಿಲ್ಲ. ಆದರೆ ಪೆಪ್ಟೈಡ್‌ಗಳಿಗೆ ಇನ್ನೊಂದು ಜಾಗವೂ ಇದೆ: ನೀರು ಯಾವತ್ತು ಬಿಡಬೇಕೆಂದು ಗೊತ್ತುಮಾಡುವ ಸಲಹಾ ಸಮಿತಿಯಲ್ಲೂ ಅವು ಕೂತಿವೆ. ಆ ಸಮಿತಿ ಇರುವುದು ಮಿದುಳಿನ ತಳದ ಹೈಪೊಥಲಾಮಸ್ಸಿನಲ್ಲಿ. ಲೇಖನಗಳನ್ನು ಓದುವಾಗ ಗೊಂದಲವಾಗುವುದು ಈ ಎರಡು ಜಾಗಗಳನ್ನು ಒಂದೇ ಎಂದುಕೊಳ್ಳುವುದರಿಂದ. ಹಾಗಾಗಿ ಒಂದೊಂದಾಗಿ ನೋಡೋಣ.

ಬೆಳಕಿನ ಸುದ್ದಿ ಹೊರಡುವುದು ಕಣ್ಣಿನ ಅಕ್ಷಿಪಟಲದಿಂದ. ಅಲ್ಲಿ ಮೆಲನಾಪ್ಸಿನ್ ಎಂಬ ವರ್ಣಕವಿರುವ ಕೆಲವೇ ಕೆಲವು ನರಕೋಶಗಳಿವೆ. ಸುಮಾರು 480 ನ್ಯಾನೊಮೀಟರಿನ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಅವುಗಳ ತಂತುಗಳು ನೇರವಾಗಿ ಹೈಪೊಥಲಾಮಸ್ಸಿನ ಎಸ್‌ಸಿಎನ್ ಎಂಬ ಗಡಿಯಾರಕ್ಕೆ ಹೋಗುತ್ತವೆ. ಈ ತಂತುಗಳು ಗ್ಲುಟಮೇಟ್ ಎಂಬ ನರಸಂದೇಶಕದ ಜೊತೆಗೆ ಬಿಡುವ ಪೆಪ್ಟೈಡ್ ಪ್ಯಾಕ್ಯಾಪ್. 1989ರಲ್ಲಿ ಕುರಿಯ ಹೈಪೊಥಲಾಮಸ್ಸಿನಿಂದ ಬೇರ್ಪಡಿಸಿದ ಇದರಲ್ಲಿ 38 ಅಮೈನೋ ಆಮ್ಲಗಳಿವೆ. ನಿಮ್ಮ ವಿಐಪಿ ಇದರ ದಾಯಾದಿ, 28 ಅಮೈನೋ ಆಮ್ಲಗಳದ್ದು.

ಎಸ್‌ಸಿಎನ್‌ನ ಕೆಳಭಾಗದ ಕೋಶಗಳಲ್ಲಿ ವಿಐಪಿ, ಮೇಲ್ಭಾಗದವುಗಳಲ್ಲಿ ವ್ಯಾಸೊಪ್ರೆಸಿನ್ ಎಂಬ ಇನ್ನೊಂದು ಪೆಪ್ಟೈಡ್ ಇರುತ್ತದೆ. ಇಲ್ಲಿನ ಸುಮಾರು 20,000 ಕೋಶಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಗಡಿಯಾರ. ಭಜನಾ ಮಂಡಳಿಯಲ್ಲಿ ತಾಳದವನು ಎದ್ದುಹೋದರೆ ಹೇಗೋ, ವಿಐಪಿ ಇಲ್ಲವಾದರೆ ಇಲ್ಲಿಯೂ ಹಾಗೆ: ಎಲ್ಲರೂ ಹಾಡುತ್ತಿರುತ್ತಾರೆ, ಜೊತೆಗೆ ಮಾತ್ರ ಅಲ್ಲ. ವಿಐಪಿ ಅಥವಾ ಅದರ ವಿಪ್ಯಾಕ್-2 ಗ್ರಾಹಕ (ಕೋಶದ ಮೇಲೆ ಸಂದೇಶ ಹಿಡಿಯುವ ಪ್ರೋಟೀನು) ಇಲ್ಲದ ಮೌಸ್‌ಗಳನ್ನು (ಚಿಕ್ಕ ಜಾತಿಯ ಇಲಿ) ಸದಾ ಕತ್ತಲಲ್ಲಿಟ್ಟರೆ ಓಡಾಟ, ವಿಶ್ರಾಂತಿಯ ಲಯ ಚೆಲ್ಲಾಪಿಲ್ಲಿಯಾಗುತ್ತದೆ. ಮೆಲಟೋನಿನ್ ಮೇಲೆ ವಿಐಪಿಯ ಅತಿ ದೊಡ್ಡ ಪ್ರಭಾವ ಇದೇ ಎಂಬುದು ನನ್ನ ಅಭಿಪ್ರಾಯ. ನೀವು ಕಲ್ಚರಿನಲ್ಲಿಟ್ಟ ಗ್ರಂಥಿಯಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಗಡಿಯಾರವನ್ನು ನೀವು ತಲೆಬುರುಡೆಯಲ್ಲೇ ಬಿಟ್ಟು ಬಂದಿದ್ದೀರಿ.

ಗಡಿಯಾರದಿಂದ ಪಿನಿಯಲ್ಲಿಗೆ ದಾರಿ ಸುತ್ತುಬಳಸಿನದು. ಎಸ್‌ಸಿಎನ್‌ನಿಂದ ಹೈಪೊಥಲಾಮಸ್ಸಿನದೇ ಪಿವಿಎನ್ ಎಂಬ ನರಕೇಂದ್ರ, ಅಲ್ಲಿಂದ ಬೆನ್ನುಹುರಿಯಲ್ಲಿ ಇಳಿದು ಎದೆಯ ಮೇಲ್ಭಾಗದ ಮಟ್ಟ, ಅಲ್ಲಿಂದ ಹೊರಬಂದು ಕುತ್ತಿಗೆಯ ಮೇಲ್ತುದಿಯ ಸಿಂಪಥೆಟಿಕ್ ನರಗಂಟು, ಆಮೇಲೆ ರಕ್ತನಾಳದ ಜೊತೆ ಮತ್ತೆ ತಲೆಗೆ ಹತ್ತಿ ಪಿನಿಯಲ್. ಮಿದುಳಿನ ನಡುಮಧ್ಯೆಯೇ ಇರುವ ಗ್ರಂಥಿಗೆ ಎದೆಯವರೆಗೆ ಹೋಗಿ ಬರುವ ಆದೇಶ! ಹಗಲಿನಲ್ಲಿ ಎಸ್‌ಸಿಎನ್ ಗಾಬಾ ಎಂಬ ತಡೆ ರಾಸಾಯನಿಕ ಬಿಟ್ಟು ಪಿವಿಎನ್‌ನ ಬಾಯಿ ಮುಚ್ಚಿಸಿರುತ್ತದೆ. ರಾತ್ರಿ ಆ ಕೈ ಸಡಿಲವಾಗಿ ದಾರಿಯ ತುದಿಯ ನರಗಳು ನಾರ್‌ಅಡ್ರಿನಲಿನ್ ಸುರಿಸುತ್ತವೆ.

ಈ ದಾರಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ತುಂಡಾದವರಲ್ಲಿ ರಾತ್ರಿಯ ಮೆಲಟೋನಿನ್ ಏರಿಕೆ ಇಲ್ಲವಾಗುತ್ತದೆ. ಸೊಂಟದ ಹತ್ತಿರ ಪೆಟ್ಟಾದವರಲ್ಲಿ ಲಯ ಉಳಿದಿರುತ್ತದೆ. ಗಮನಿಸಿ, ಪಿನಿಯಲ್ಲಿಗೆ ವಿಐಪಿ ತರುವ ನರಗಳು ಬರುವುದು ಮುಖದ ಹಿಂಭಾಗದ ಟೆರಿಗೊಪ್ಯಾಲಟೈನ್ ನರಗಂಟಿನಿಂದ. ಪ್ಯಾಕ್ಯಾಪ್ ತರುವ ತಂತುಗಳಲ್ಲಿ ಒಂದು ಪಾಲು ಟ್ರೈಜೆಮಿನಲ್ ನರಗಂಟಿನದು. ಇವು ತಲೆಯೊಳಗಿನ ನರಗಳಾದ್ದರಿಂದ ಕುತ್ತಿಗೆಯ ಪೆಟ್ಟು ಇವನ್ನು ಮುಟ್ಟುವುದಿಲ್ಲ. ಪೆಪ್ಟೈಡ್‌ಗಳ ಸರಬರಾಜು ಹಾಗೇ ಇದ್ದೂ ಮೆಲಟೋನಿನ್ ಏಳಲಿಲ್ಲ. ಗೇಟು ಯಾರ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಗ್ರಂಥಿಯೊಳಗೆ. ನಾರ್‌ಅಡ್ರಿನಲಿನ್ ಎರಡು ಕೈಗಳಿಂದ ಕೆಲಸ ಮಾಡುತ್ತದೆ. ಬೀಟಾ-1 ಗ್ರಾಹಕದ ಮೂಲಕ ಕೋಶದೊಳಗಿನ ಸಂದೇಶವಾಹಕ ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತದೆ. ಆಲ್ಫಾ-1 ಗ್ರಾಹಕದ ಮೂಲಕ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಕೈನೇಸ್-ಸಿ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಇಲಿಯ ಪಿನಿಯಲ್ ಕೋಶದಲ್ಲಿ ಬೀಟಾ ಒಂದನ್ನೇ ಒತ್ತಿದರೆ ಸೈಕ್ಲಿಕ್ ಎಎಂಪಿ ಸುಮಾರು 10 ಪಟ್ಟು, ಎರಡನ್ನೂ ಒತ್ತಿದರೆ ಸುಮಾರು 100 ಪಟ್ಟು. ಆಲ್ಫಾ ಒಂದೇ ಆದರೆ ಹೆಚ್ಚೇನೂ ಆಗದು. ಸೈಕ್ಲಿಕ್ ಎಎಂಪಿ ಏರಿದಾಗ ಎಎಎನ್‌ಎಟಿ ಎಂಬ ಕಿಣ್ವ ಹೆಚ್ಚುತ್ತದೆ. ಅದು ಸೆರೊಟೋನಿನ್ನನ್ನು ಎನ್-ಅಸಿಟೈಲ್ ಸೆರೊಟೋನಿನ್ ಮಾಡುತ್ತದೆ. ಇನ್ನೊಂದು ಕಿಣ್ವ ಅದನ್ನು ಮೆಲಟೋನಿನ್ ಮಾಡುತ್ತದೆ. ಮೆಲಟೋನಿನ್ನಿಗೆ ಗ್ರಂಥಿಯಲ್ಲಿ ಉಗ್ರಾಣವಿಲ್ಲ. ತಯಾರಾದಷ್ಟೂ ಆಗಿಂದಾಗ ಹೊರಗೆ ಸೋರುತ್ತದೆ. ‘ಬಿಡುಗಡೆ’ ಎಂದು ನಾವು ಹೇಳುವುದು ವಾಸ್ತವವಾಗಿ ತಯಾರಿಕೆಯನ್ನೇ.

ಪೆಪ್ಟೈಡ್‌ಗಳು ಈ ಎರಡು ಕೈಗಳಲ್ಲಿ ಯಾವುದಕ್ಕೆ ಸೇರುತ್ತವೆ ಎಂದು ನೋಡಿದರೆ ಹತ್ತಾರು ಹೆಸರುಗಳ ಗದ್ದಲ ತಾನಾಗಿ ಇಳಿಯುತ್ತದೆ. ವಿಐಪಿ ಮತ್ತು ಪ್ಯಾಕ್ಯಾಪ್ ಬೀಟಾ ಕೈಯ ಕಡೆಯವು. ತಮ್ಮದೇ ಗ್ರಾಹಕದ ಮೂಲಕ ಅದೇ ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತವೆ, ಆದರೆ ನಾರ್‌ಅಡ್ರಿನಲಿನ್ನಿನಷ್ಟಲ್ಲ. ಆಲ್ಫಾ-1 ಜೊತೆಗೂಡಿದರೆ ವಿಐಪಿಯ ಪ್ರತಿಫಲವೂ ಬಲವಾಗುತ್ತದೆ. ವ್ಯಾಸೊಪ್ರೆಸಿನ್ ಆಲ್ಫಾ ಕೈಯ ಕಡೆಯದು. ವಿ-1 ಗ್ರಾಹಕದ ಮೂಲಕ ಕ್ಯಾಲ್ಸಿಯಂ ಏರಿಸುತ್ತದೆ. ಒಂಟಿಯಾಗಿ ಹಾಕಿದರೆ ಏನೂ ಕಾಣದು, ನಾರ್‌ಅಡ್ರಿನಲಿನ್ ಇದ್ದರೆ ಅದರ ಫಲವನ್ನು ಹೆಚ್ಚಿಸುತ್ತದೆ.

ಎನ್‌ಪಿವೈ ಸ್ವಲ್ಪ ಕಿಲಾಡಿ. 36 ಅಮೈನೋ ಆಮ್ಲಗಳ ಈ ಪೆಪ್ಟೈಡ್ ಬಹುಪಾಲು ನಾರ್‌ಅಡ್ರಿನಲಿನ್ ಇರುವ ಅದೇ ನರದ ತುದಿಯಲ್ಲೇ ಇರುತ್ತದೆ. ನರತುದಿಯ ಮೇಲೆ ಕೂತು ‘ಸಾಕು, ಇನ್ನು ಬಿಡಬೇಡ’ ಎಂದು ನಾರ್‌ಅಡ್ರಿನಲಿನ್ನನ್ನು ಕಡಿಮೆ ಮಾಡುತ್ತದೆ. ಪಿನಿಯಲ್ ಕೋಶದ ಮೇಲೆ ಕೂತಾಗ ಸೈಕ್ಲಿಕ್ ಎಎಂಪಿಯನ್ನು ಇಳಿಸುತ್ತದೆ. ಹಾಗಿದ್ದೂ ಹೆಚ್ಚಿನ ಸಾಂದ್ರತೆಯಲ್ಲಿ ನಾರ್‌ಅಡ್ರಿನಲಿನ್ ಎಬ್ಬಿಸಿದ ಮೆಲಟೋನಿನ್ನನ್ನು ಹೆಚ್ಚಿಸಿದ್ದೂ ಇಲಿಯಲ್ಲಿ ದಾಖಲಾಗಿದೆ. ಆದ್ದರಿಂದ ‘ಎನ್‌ಪಿವೈ ಹೆಚ್ಚಿಸುತ್ತದೋ ತಗ್ಗಿಸುತ್ತದೋ’ ಎಂಬ ಪ್ರಶ್ನೆಗೆ ಮೊದಲು ಕೇಳಬೇಕಾದದ್ದು: ಆ ಕಲ್ಚರಿನಲ್ಲಿ ನರತುದಿಗಳು ಜೀವಂತ ಇದ್ದವೋ ಇಲ್ಲವೋ? ಸಬ್‌ಸ್ಟೆನ್ಸ್-ಪಿ, ಸೊಮಾಟೊಸ್ಟಾಟಿನ್, ಆಕ್ಸಿಟೋಸಿನ್ ಮೊದಲಾದವೂ ಗ್ರಂಥಿಯಲ್ಲಿ ಪತ್ತೆಯಾಗಿವೆ. ನಿಮ್ಮ ಪ್ರಾಜೆಕ್ಟಿಗೆ ಅವು ಬೇಡ, ಅಲ್ಲಿಗೆ ಹೋದರೆ ದಾರಿ ತಪ್ಪುತ್ತೀರಿ.

ಈಗ ನಿಮ್ಮ ಬೆಂಚಿಗೆ ಬರೋಣ. ಒಮ್ಮೆ ಏರಿ ಒಮ್ಮೆ ಏರದ ಫಲಿತಾಂಶಕ್ಕೆ ವಿಐಪಿಯನ್ನು ದೂರುವ ಮೊದಲು ಟ್ಯೂಬನ್ನು ನೋಡಿ. ಎಷ್ಟೋ ಸಲ ಎಮ್ಮೆಗೆ ಜ್ವರ, ಎತ್ತಿಗೆ ಬರೆ.

ವಿಐಪಿ ಧನ ವಿದ್ಯುದಾವೇಶ ಹೆಚ್ಚಿರುವ ಪೆಪ್ಟೈಡ್. ಗಾಜಿಗೆ, ಪಾಲಿಸ್ಟೈರೀನಿಗೆ ಅಂಟಿಕೊಳ್ಳುತ್ತದೆ. ನ್ಯಾನೊಮೋಲಾರ್ ಮಟ್ಟಕ್ಕೆ ತೆಳುಮಾಡಿ ಗಾಜಿನ ಟ್ಯೂಬಿನಲ್ಲಿ ಅರ್ಧ ಗಂಟೆ ಇಟ್ಟರೆ ಗ್ರಂಥಿಗೆ ತಲುಪುವುದು ಎಷ್ಟೆಂದು ಹೇಳುವಂತಿಲ್ಲ. ಕಡಿಮೆ ಅಂಟುವ ಪಾಲಿಪ್ರೊಪಿಲೀನ್ ಟ್ಯೂಬ್ ಬಳಸಿ, ದ್ರಾವಣಕ್ಕೆ ಶೇ 0.1ರಷ್ಟು ದನದ ರಕ್ತದ ಪ್ರೋಟೀನಾದ ಬಿಎಸ್‌ಎ ಸೇರಿಸಿ. ವಿಐಪಿಯ ಅಣುತೂಕ ಸುಮಾರು 3,326. ಅಂದರೆ 1 ಮಿ.ಗ್ರಾಂ.ನ್ನು 3 ಮಿ.ಲೀ.ನಲ್ಲಿ ಕರಗಿಸಿದರೆ ಸುಮಾರು 100 ಮೈಕ್ರೊಮೋಲಾರ್. ಆದರೆ ಬಾಟಲಿಯ 1 ಮಿ.ಗ್ರಾಂ. ಪೂರ್ತಿ ಪೆಪ್ಟೈಡ್ ಅಲ್ಲ, ಅದರಲ್ಲಿ ಲವಣ ಮತ್ತು ತೇವವೂ ಇರುತ್ತದೆ. ಜೊತೆಗೆ ಬರುವ ವಿಶ್ಲೇಷಣಾ ಪತ್ರದಲ್ಲಿ ನಿವ್ವಳ ಪೆಪ್ಟೈಡ್ ಶೇಕಡಾವಾರು ಇದ್ದರೆ ಅದರಿಂದ ಗುಣಿಸಿ. ಶುದ್ಧತೆಯ ಶೇಕಡಾವಾರು ಬೇರೆ, ಅದನ್ನು ಇದೆಂದು ತಿಳಿಯಬೇಡಿ. 20 ಮೈಕ್ರೊಲೀಟರಿನಂತೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಸರಪಳಿಯ 17ನೇ ಜಾಗದ ಮೆಥಿಯೊನಿನ್ ಗಾಳಿಗೆ ಆಕ್ಸಿಡೈಸ್ ಆಗುತ್ತದೆ. ಮೊದಲ ವಾರ ಕೆಲಸ ಮಾಡಿ ಮೂರನೇ ವಾರ ಮಾಡದ ವಿಐಪಿಯ ಹಿಂದೆ ಹೆಚ್ಚಾಗಿ ಇದೇ ಕತೆ.

ಗ್ರಂಥಿ ತೆಗೆಯುವಾಗ ಒಂದು ಮಾತು. ಇಲಿಯ ಪಿನಿಯಲ್ ಸುಮಾರು 1 ಮಿ.ಗ್ರಾಂ., ರಾಗಿಕಾಳಿನಷ್ಟು. ಬುರುಡೆಯ ಮುಚ್ಚಳ ಎತ್ತಿದಾಗ ಪೊರೆಗೆ ಅಂಟಿಕೊಂಡು ಮುಚ್ಚಳದ ಜೊತೆಗೇ ಬಂದುಬಿಡುತ್ತದೆ. ಮಿದುಳಿನ ಮೇಲೆ ಕಾಣದಿದ್ದರೆ ಮುಚ್ಚಳದ ಒಳಮೈಯನ್ನು, ರಕ್ತನಾಳಗಳು ಕೂಡುವ ಜಾಗದಲ್ಲಿ ಹುಡುಕಿ. ಹುಡುಕಾಟದಲ್ಲಿ ಹತ್ತು ನಿಮಿಷ ಕಳೆದ ಗ್ರಂಥಿ ಮತ್ತು ಒಂದು ನಿಮಿಷದಲ್ಲಿ ಐಸಿನ ಮೇಲಿನ ಮಾಧ್ಯಮಕ್ಕೆ (ಪೋಷಕ ದ್ರಾವಣಕ್ಕೆ) ಬಿದ್ದ ಗ್ರಂಥಿ ಒಂದೇ ಗುಂಪಿನಲ್ಲಿರಬಾರದು. ಪ್ರಾಣಿ ನೈತಿಕ ಸಮಿತಿ ಒಪ್ಪಿದ ಸಂಖ್ಯೆಯೊಳಗೇ ಎಲ್ಲ ನಡೆಯಬೇಕಾದ್ದರಿಂದ ಗ್ರಂಥಿ ಹಾಳಾದರೆ ಬದಲಿ ಸುಲಭವಲ್ಲ. ತೆಗೆಯುವುದು ಹಗಲಿನ ನಡುಹೊತ್ತಿನಲ್ಲೇ ಆಗಲಿ. ಕತ್ತಲಾದ ಮೇಲೆ ತೆಗೆದ ಗ್ರಂಥಿಯಲ್ಲಿ ಕಿಣ್ವ ಆಗಲೇ ಏರಿರುತ್ತದೆ.

ಕಲ್ಚರ್ ತಟ್ಟೆಯ ಪ್ರತಿ ಕುಳಿಯಲ್ಲಿ ಒಂದು ಗ್ರಂಥಿ, 200 ಮೈಕ್ರೊಲೀಟರ್ ಬಿಜಿಜೆ-ಬಿ ಮಾಧ್ಯಮ. ಅದಕ್ಕೆ ಬಿಎಸ್‌ಎ ಮಿ.ಲೀ.ಗೆ 1 ಮಿ.ಗ್ರಾಂ., ಗ್ಲುಟಮಿನ್ 2 ಮಿಲಿಮೋಲಾರ್, ಆಸ್ಕಾರ್ಬಿಕ್ ಆಮ್ಲ ಮಿ.ಲೀ.ಗೆ 0.1 ಮಿ.ಗ್ರಾಂ. ಸೇರಿಸಿ. ಆಸ್ಕಾರ್ಬಿಕ್ ಆಮ್ಲ ಬಿಟ್ಟರೆ ನಾರ್‌ಅಡ್ರಿನಲಿನ್ ಗುಲಾಬಿ ಬಣ್ಣಕ್ಕೆ ತಿರುಗಿ ಕೆಡುತ್ತದೆ. 37 ಡಿಗ್ರಿ, ಶೇ 95 ಆಮ್ಲಜನಕ, ಶೇ 5 ಇಂಗಾಲದ ಡೈಆಕ್ಸೈಡ್. 48 ಗಂಟೆ ಸುಮ್ಮನೆ ಬಿಡಿ, 24ನೇ ಗಂಟೆಗೆ ಮಾಧ್ಯಮ ಬದಲಿಸಿ.

ಈ 48 ಗಂಟೆಗಳಲ್ಲೇ ನಿಮ್ಮ ಏರುಪೇರಿನ ಗುಟ್ಟಿರುವ ಸಂಭವ ಹೆಚ್ಚು. ಹೊಸದಾಗಿ ತೆಗೆದ ಗ್ರಂಥಿಯಲ್ಲಿ ಕಡಿದ ನರತುದಿಗಳು ಇನ್ನೂ ಇರುತ್ತವೆ. ಅವು ತಮ್ಮಲ್ಲಿ ಉಳಿದ ನಾರ್‌ಅಡ್ರಿನಲಿನ್ನನ್ನು ಸೋರಿಸುತ್ತವೆ, ನೀವು ಹಾಕಿದ್ದನ್ನು ಹೀರಿಕೊಳ್ಳಲೂ ಬಲ್ಲವು. ಸೋರಿದ ನಾರ್‌ಅಡ್ರಿನಲಿನ್ ಆಲ್ಫಾ-1 ಕೈಯನ್ನು ಒತ್ತಿದ ಹೊತ್ತಿನಲ್ಲಿ ವಿಐಪಿ ಬಿದ್ದರೆ ದೊಡ್ಡ ಏರಿಕೆ ಬರುತ್ತದೆ. ನರತುದಿಗಳು ಸತ್ತ ಮೇಲೆ ಬಿದ್ದರೆ ಸಣ್ಣದು. ನಿಮ್ಮ ತಂಡದಲ್ಲಿ ಕೆಲವರು ಅದೇ ದಿನ, ಕೆಲವರು ಎರಡು ದಿನ ಬಿಟ್ಟು ವಿಐಪಿ ಹಾಕಿದ್ದರೆ ಎರಡು ಬೇರೆ ಪ್ರಯೋಗ ಮಾಡಿ ಒಂದೇ ಕೋಷ್ಟಕದಲ್ಲಿ ಬರೆದಂತಾಯಿತು. (ಜೀವಂತ ಪ್ರಾಣಿಯಲ್ಲೂ ಈ ಹೀರಿಕೊಳ್ಳುವ ಗುಣವೇ ಗ್ರಂಥಿಯನ್ನು ಕಾಯುತ್ತದೆ. ಹಗಲಲ್ಲಿ ಹೆದರಿ ಓಡಿದಾಗ ರಕ್ತದಲ್ಲಿ ಏರುವ ಅಡ್ರಿನಲಿನ್ ಪಿನಿಯಲ್ಲನ್ನು ಎಬ್ಬಿಸದಿರಲು ಕಾರಣ ಅದೇ.)

48 ಗಂಟೆಯ ನಂತರ ಗುಂಪುಗಳನ್ನು ಹೀಗೆ ಮಾಡಿಕೊಳ್ಳಿ: ಬರೀ ಮಾಧ್ಯಮ, ನಾರ್‌ಅಡ್ರಿನಲಿನ್ 1 ಮೈಕ್ರೊಮೋಲಾರ್, ವಿಐಪಿ 10, 100, 1,000 ನ್ಯಾನೊಮೋಲಾರ್, ವಿಐಪಿಯ ಜೊತೆ ಆಲ್ಫಾ-1 ಎಬ್ಬಿಸುವ ಫಿನೈಲೆಫ್ರಿನ್, ಬೀಟಾ ಗ್ರಾಹಕ ಮುಚ್ಚುವ ಪ್ರೊಪ್ರನಾಲಾಲ್ 10 ಮೈಕ್ರೊಮೋಲಾರ್ ಹಾಕಿದ ಮೇಲೆ ನಾರ್‌ಅಡ್ರಿನಲಿನ್, ಪ್ರೊಪ್ರನಾಲಾಲ್ ಹಾಕಿದ ಮೇಲೆ ವಿಐಪಿ. ಕೊನೆಯ ಎರಡನ್ನು ಯಾವ ಕಾರಣಕ್ಕೂ ಬಿಡಬೇಡಿ. ಪ್ರೊಪ್ರನಾಲಾಲ್ ನಾರ್‌ಅಡ್ರಿನಲಿನ್ನಿನ ಕೆಲಸವನ್ನು ತಡೆಯಬೇಕು, ವಿಐಪಿಯದನ್ನು ತಡೆಯಬಾರದು. ವಿಐಪಿಯದೂ ನಿಂತುಹೋದರೆ ನೀವು ಅಳೆಯುತ್ತಿದ್ದದ್ದು ಸೋರಿದ ನಾರ್‌ಅಡ್ರಿನಲಿನ್ನನ್ನು. ಆರು ಗಂಟೆಯ ನಂತರ ಮಾಧ್ಯಮದಲ್ಲಿ ಮೆಲಟೋನಿನ್ ಅಳೆಯಿರಿ. ಒಂದು ಗಂಟೆಗೇ ನೋಡಿದರೆ ಏನೂ ಸಿಗದು, ಇಲಿಯಲ್ಲಿ ಕಿಣ್ವದ ಆರ್‌ಎನ್‌ಎ ಹೊಸದಾಗಿ ಬರೆದಾಗಿ, ಪ್ರೋಟೀನು ಆಗಿ, ಆಮೇಲೆ ಮೆಲಟೋನಿನ್ ಬರಬೇಕು. ನಾರ್‌ಅಡ್ರಿನಲಿನ್ ಗುಂಪಿನಲ್ಲೇ ಏರಿಕೆ ಇಲ್ಲದ ದಿನದ ಲೆಕ್ಕವನ್ನು ಪೂರ್ತಿ ಬದಿಗಿಡಿ, ಗ್ರಂಥಿ ಸತ್ತಿರಬೇಕು ಇಲ್ಲವೇ ನಾರ್‌ಅಡ್ರಿನಲಿನ್ ಕೆಟ್ಟಿರಬೇಕು.

ಇಲಿ ಸಿಗದೆ ಮೌಸ್ ಬಳಸುವ ಯೋಚನೆಯಿದ್ದರೆ ತಳಿ ನೋಡಿ. ಪ್ರಯೋಗಾಲಯಗಳಲ್ಲಿ ಅತಿ ಸಾಮಾನ್ಯವಾದ ಸಿ57 ಬ್ಲ್ಯಾಕ್-6 ತಳಿಯಲ್ಲಿ ಎಎಎನ್‌ಎಟಿ ಜೀನ್ ಕೆಟ್ಟಿದೆ, ಮೆಲಟೋನಿನ್ ಬಹುತೇಕ ಇಲ್ಲ. ಸಿ3ಎಚ್ ಅಥವಾ ಸಿಬಿಎ ಆಗುತ್ತದೆ. ಇಲಿಯಲ್ಲಿ ಕಂಡದ್ದನ್ನು ಕುರಿಗೆ, ಮನುಷ್ಯನಿಗೆ ಹಾಗೇ ಹೊಂದಿಸುವುದೂ ತಪ್ಪು. ಇಲಿಯಲ್ಲಿ ರಾತ್ರಿ ಎಎಎನ್‌ಎಟಿಯ ಆರ್‌ಎನ್‌ಎ ನೂರಾರು ಪಟ್ಟು ಏರಬಲ್ಲದು. ಕುರಿ, ಕೋತಿಗಳಲ್ಲಿ ಆರ್‌ಎನ್‌ಎ ಹಗಲೂ ಇರುತ್ತದೆ. ತಯಾರಾದ ಕಿಣ್ವವನ್ನು ಕೋಶ ಹಗಲಲ್ಲಿ ಒಡೆದುಹಾಕುತ್ತಿರುತ್ತದೆ, ರಾತ್ರಿ ಸೈಕ್ಲಿಕ್ ಎಎಂಪಿ ಏರಿದಾಗ ಫಾಸ್ಫೇಟ್ ಅಂಟಿ, 14-3-3 ಎಂಬ ಪ್ರೋಟೀನು ಅದನ್ನು ಅಪ್ಪಿಕೊಂಡು ಉಳಿಸುತ್ತದೆ. ಬೆಳಕು ಬಿದ್ದರೆ ಆ ರಕ್ಷಣೆ ಹೋಗುತ್ತದೆ. ಇಲಿಯಲ್ಲಿ ಕಿಣ್ವ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಹಾಸನ ಇರುವ 13 ಡಿಗ್ರಿ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದ ಮತ್ತು ಅತಿ ಗಿಡ್ಡ ಹಗಲಿಗೆ ಬರೀ ಒಂದೂವರೆ ಗಂಟೆಯ ವ್ಯತ್ಯಾಸ. ಯುರೋಪಿನ ಕುರಿಗಳ ಮೇಲಿನ ಋತುಮಾನದ ಲೇಖನ ಓದುವಾಗ ಅದನ್ನೂ ನೆನಪಿಡಿ.

ಇನ್ನು ನಿಮ್ಮ ತಂದೆಯವರ ವಿಷಯ. ಅವರ ನಿದ್ದೆಗೂ ನಿಮ್ಮ ಪ್ರಯೋಗಕ್ಕೂ ನಂಟಿದೆ. ಅಟೆನೊಲಾಲ್ ಬೀಟಾ-1 ಗ್ರಾಹಕವನ್ನು ಮುಚ್ಚುತ್ತದೆ. ಹೃದಯದಲ್ಲಿರುವಂತೆ ಪಿನಿಯಲ್ಲಿನಲ್ಲೂ ಇರುವುದು ಅದೇ ಬೀಟಾ-1. ‘ಅಟೆನೊಲಾಲ್ ಮಿದುಳಿಗೆ ಹೆಚ್ಚು ದಾಟುವುದಿಲ್ಲ’ ಎನ್ನುವುದು ನಿಜ, ಆದರೆ ಪಿನಿಯಲ್ ಗ್ರಂಥಿ ರಕ್ತ-ಮಿದುಳು ತಡೆಗೋಡೆಯ ಹೊರಗಿದೆ. ಹಾಗಾಗಿ ರಾತ್ರಿಯ ಮೆಲಟೋನಿನ್ ಇಳಿಯುತ್ತದೆ. ನಿದ್ದೆ ಕೆಟ್ಟವರಿಗೆಲ್ಲ ಕಾರಣ ಇದೇ ಎಂದಲ್ಲ. ರಾತ್ರಿ ಮೂತ್ರಕ್ಕೆ ಏಳುವುದು, ಗೊರಕೆ, ಕಾಲುನೋವು ಮೊದಲು ನೋಡಬೇಕು. ಅಟೆನೊಲಾಲನ್ನು ತಾವಾಗಿ ನಿಲ್ಲಿಸುವುದು ಮಾತ್ರ ಬೇಡವೇ ಬೇಡ. ಥಟ್ಟನೆ ಬಿಟ್ಟರೆ ಬಿ.ಪಿ. ಪುಟಿದೇಳುತ್ತದೆ, ಹೃದಯದ ತೊಂದರೆ ಇರುವವರಲ್ಲಿ ಎದೆನೋವು ಬರಬಹುದು.

ಪೆಪ್ಟೈಡ್ ಕ್ಯಾಪ್ಸೂಲ್ ಕೊಡಬೇಡಿ. ನುಂಗಿದ ಪೆಪ್ಟೈಡು ಜಠರದ ಪೆಪ್ಸಿನ್, ಕರುಳಿನ ಟ್ರಿಪ್ಸಿನ್ನಿಗೆ ಬೇಳೆಸಾರಿನ ಪ್ರೋಟೀನಿಗಿಂತ ಬೇರೆಯಲ್ಲ. ಸೂಜಿಯಲ್ಲಿ ಕೊಟ್ಟ ವಿಐಪಿ ಕೂಡ ರಕ್ತದಲ್ಲಿ ಒಂದೆರಡು ನಿಮಿಷದಲ್ಲೇ ಅರ್ಧಕ್ಕಿಳಿಯುತ್ತದೆ, ಅಷ್ಟರಲ್ಲೇ ರಕ್ತನಾಳಗಳನ್ನು ಹಿಗ್ಗಿಸಿ ಬಿ.ಪಿ. ಇಳಿಸುತ್ತದೆ. ದೇಹದಲ್ಲಿ ವಿಐಪಿ ಸದಾ ಹೆಚ್ಚಾದರೆ ಏನಾಗುತ್ತದೆಂದು ಅದನ್ನು ಸುರಿಸುವ ಗಡ್ಡೆಯಿರುವ ರೋಗಿಗಳು ತೋರಿಸಿದ್ದಾರೆ: ನೀರಿನಂಥ ಭೇದಿ, ಪೊಟ್ಯಾಸಿಯಂ ಕುಸಿತ. ‘ಮೂರನೇ ಕಣ್ಣು ತೆರೆಯುತ್ತದೆ’ ಎಂಬ ಜಾಹೀರಾತಿನ ಸಾಲು ಕೆಲವು ಹಲ್ಲಿಗಳಿಗೆ ಒಪ್ಪುತ್ತದೆ, ಅವುಗಳ ನೆತ್ತಿಯಲ್ಲಿ ನಿಜಕ್ಕೂ ಬೆಳಕು ಗ್ರಹಿಸುವ ಅಂಗವಿದೆ.

ವೈದ್ಯರ ಹತ್ತಿರ ಎರಡು ವಿಷಯ ಕೇಳಿ. ಬೀಟಾ ತಡೆ ಗುಂಪಿನ ಮಾತ್ರೆಯೇ ಬೇಕೇ, ಬೇರೆ ಗುಂಪಿನದು ಆಗುತ್ತದೆಯೇ ಎಂಬುದು ಒಂದು. ಮೆಲಟೋನಿನ್ ಮಾತ್ರೆ ಹೊಂದುತ್ತದೆಯೇ ಎಂಬುದು ಇನ್ನೊಂದು. ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದ 16 ಜನರಲ್ಲಿ ಮೂರು ವಾರ ದಿನಾ ರಾತ್ರಿ 2.5 ಮಿ.ಗ್ರಾಂ. ಮೆಲಟೋನಿನ್ ಕೊಟ್ಟು ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು; ಡಮ್ಮಿ ಮಾತ್ರೆಗೆ ಹೋಲಿಸಿದರೆ ಸರಾಸರಿ 36 ನಿಮಿಷ ನಿದ್ದೆ ಹೆಚ್ಚಾಗಿತ್ತು. ಸಣ್ಣ ಅಧ್ಯಯನ, ಆದರೆ ತರ್ಕ ಸರಿಯಾಗಿದೆ: ಗೇಟು ಮುಚ್ಚಿದ್ದಾಗ ನೀರುಗಂಟಿಯನ್ನು ಕಳಿಸುವ ಬದಲು ಟ್ಯಾಂಕರಿನಲ್ಲಿ ನೀರನ್ನೇ ತಂದಂತೆ. ಅಂಗಡಿಯಲ್ಲಿ 10 ಮಿ.ಗ್ರಾಂ. ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಅಷ್ಟು ಬೇಕಿಲ್ಲ, ಬೆಳಿಗ್ಗೆ ಮಂಪರು ಉಳಿಯುತ್ತದೆ.

ಮೂಡಿಗೆರೆಯ ಮನೆಯಾದ್ದರಿಂದ ಕಾಫಿಯನ್ನು ಕೇಳದೆ ಬಿಡಲಾಗದು. ಮಲಗುವ ಮೂರು ಗಂಟೆ ಮೊದಲು ಎರಡು ಶಾಟ್ ಎಸ್ಪ್ರೆಸೊದಷ್ಟು ಕೆಫೀನ್ ಕುಡಿದವರ ಮೆಲಟೋನಿನ್ ಲಯ ಸುಮಾರು 40 ನಿಮಿಷ ತಡವಾದದ್ದನ್ನು 2015ರ ಅಧ್ಯಯನವೊಂದು ಅಳೆದಿದೆ. ಊಟದ ನಂತರದ ಲೋಟವನ್ನು ಸಂಜೆ ನಾಲ್ಕಕ್ಕೆ ತನ್ನಿ. ಯಕೃತ್ತಿನಲ್ಲಿ ಕೆಫೀನನ್ನೂ ಮೆಲಟೋನಿನ್ನನ್ನೂ ಒಡೆಯುವುದು ಸಿವೈಪಿ1ಎ2 ಎಂಬ ಒಂದೇ ಕಿಣ್ವ. ಖಿನ್ನತೆಗೆ ಕೊಡುವ ಫ್ಲುವೊಕ್ಸಮಿನ್ ಈ ಕಿಣ್ವವನ್ನು ಕಟ್ಟಿಹಾಕಿ ಮೆಲಟೋನಿನ್ನನ್ನು ಹಲವು ಪಟ್ಟು ಏರಿಸುತ್ತದೆ. ಅಪ್ಪ ಬೇರೆ ಯಾವ ಮಾತ್ರೆ ನುಂಗುತ್ತಿದ್ದರೂ ಅದರ ಪಟ್ಟಿ, ಮಾತ್ರೆಯ ಹೊತ್ತು, ಕೊನೆಯ ಕಾಫಿಯ ಹೊತ್ತು, ಮಲಗಿದ್ದು ಎದ್ದದ್ದು ಇಷ್ಟನ್ನು ಒಂದು ವಾರ ಚೀಟಿಯಲ್ಲಿ ಬರೆದಿಟ್ಟು ವೈದ್ಯರ ಮುಂದಿಡಿ.